ತಲೆಯ ಮೇಲೆ ಗಾಜು ಒರೆಸುತ್ತಿದ್ದರೆ ಆ ಕಡೆ ಹೋಗಬೇಡಿ

ಆಯುಧಪೂಜೆ ಹತ್ತಿರ ಬಂತು. ಬೆಂಗಳೂರಿನಲ್ಲಿ ಅಂಗಡಿ, ಆಫೀಸು, ಕಾಂಪ್ಲೆಕ್ಸ್ ಅಂತ ಎಲ್ಲ ಕಡೆ ಗಾಜು ತೊಳೆಸುವುದು ಈ ವಾರಗಳಲ್ಲೇ. ಬೂದುಗುಂಬಳ, ಬಾಳೆಕಂದು, ಸೇವಂತಿಗೆ ರಾಶಿ ಫುಟ್‌ಪಾತ್‌ಗೆ ಬಂದು ಕೂರುವುದೂ ಆಗಲೇ. ಅಂದರೆ ಮೇಲೆ ಹಗ್ಗದಲ್ಲಿ ಜನ ನೇತಾಡುವ ಹೊತ್ತಿಗೇ ಕೆಳಗೆ ನಡೆಯುವವರಿಗೆ ಜಾಗ ಇರುವುದಿಲ್ಲ. ಹೋದ ವರ್ಷ ಇದೇ ಸಮಯದಲ್ಲಿ ನಮ್ಮ ಚಿಕ್ಕಪ್ಪನ ಮೇಲೆ ಬಕೆಟ್ ಬಿತ್ತು. ಬಿದ್ದದ್ದಕ್ಕಿಂತ ಆಮೇಲೆ ನಡೆದದ್ದು ನಮ್ಮನ್ನು ಜಾಸ್ತಿ ಹೈರಾಣ ಮಾಡಿತು. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇನೆ. ಕಟ್ಟಡದ ಹೆಸರು ಕೇಳಬೇಡಿ, ವಿಷಯ ಕೋರ್ಟಿನಲ್ಲಿದೆ.

ಜಯನಗರದ ಕಡೆ ಒಂದು ಗಾಜಿನ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು. ಅದರ ಗೋಡೆಗೂ ಫುಟ್‌ಪಾತ್‌ಗೂ ನಡುವೆ ಒಂದು ಅಡಿಯೂ ಇಲ್ಲ. ಚಿಕ್ಕಪ್ಪ ಮತ್ತು ನಾನು ಹೂವು ತರಲು ಹೋಗಿದ್ದೆವು. ಟೇಪ್ ಇಲ್ಲ, ಕೋನ್ ಇಲ್ಲ, 'ಮೇಲೆ ಕೆಲಸ ನಡೆಯುತ್ತಿದೆ' ಅನ್ನುವ ಬೋರ್ಡೂ ಇಲ್ಲ. ಕೆಳಗೆ ನಿಂತು ಜನರನ್ನು ಪಕ್ಕಕ್ಕೆ ಕಳಿಸುವವರಂತೂ ಇಲ್ಲವೇ ಇಲ್ಲ. ಮೂರನೇ ಮಹಡಿಯ ಎತ್ತರದಲ್ಲಿ ಹಗ್ಗದಲ್ಲಿ ಕೂತಿದ್ದ ಹುಡುಗನ ಸೊಂಟದಿಂದ ಅರ್ಧ ತುಂಬಿದ ಬಕೆಟ್ ಕಳಚಿತು. ಚಿಕ್ಕಪ್ಪನ ಎಡ ಹೆಗಲಿಗೆ ಬಡಿದು ಕಾಲರ್ ಬೋನ್ ಮುರಿಯಿತು. ತಲೆಗೆ ಬಿದ್ದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ಮೂರನೇ ಮಹಡಿ ಅಂದರೆ ಏನು ಮಹಾ ಎತ್ತರ ಅಂತ ಅನ್ನಿಸಬಹುದು. ಶಾಲೆಯ ಲೆಕ್ಕ ಹಾಕಿ ನೋಡಿ. 10 ಮೀಟರ್ ಮೇಲಿಂದ ಕೈಬಿಟ್ಟ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತದೆ. 20 ಮೀಟರಾದರೆ 70 ದಾಟುತ್ತದೆ. 10 ಮೀಟರ್ ಬೀಳಲು ಒಂದೂವರೆ ಸೆಕೆಂಡೂ ಬೇಡ. 'ಹುಷಾರ್' ಅಂತ ಮೇಲಿನವನು ಕೂಗಿ, ಅದು ನಮ್ಮ ಕಿವಿಗೆ ಬಿದ್ದು, ತಲೆ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ತಲೆ ಎತ್ತಿದರೆ ಮುಖಕ್ಕೇ ಬೀಳುತ್ತದೆ, ಅಷ್ಟೇ.

ಆ ಬಕೆಟ್ ತೂಗುಹಾಕಿದ್ದದ್ದು ಒಂದು ತೆರೆದ ಎಸ್ ಆಕಾರದ ಕೊಕ್ಕೆಗೆ. ಹುಡುಗ ಗಾಜಿನ ಕಡೆ ವಾಲಿದಾಗ ಹಿಡಿ ಜಾರಿ ಹೊರಗೆ ಬಂದಿದೆ. ಕ್ರಮವಾಗಿ ಕೆಲಸ ಮಾಡುವವರು ವೈಪರ್, ಸ್ಕ್ರೇಪರ್, ಬಕೆಟ್ ಪ್ರತಿಯೊಂದಕ್ಕೂ ದಾರ ಕಟ್ಟಿ, ಲಾಕ್ ಇರುವ ಕೊಂಡಿಗೆ ಸಿಕ್ಕಿಸಿರುತ್ತಾರೆ. ಕೈ ತಪ್ಪಿದರೂ ಅದು ಅವರ ಸೊಂಟದಲ್ಲೇ ನೇತಾಡುತ್ತದೆ. ಇನ್ನೊಂದು ಗಮನಿಸಿದೆ. ಆ ಹುಡುಗನಿಗೆ ಇದ್ದದ್ದು ಒಂದೇ ಹಗ್ಗ. ಎರಡು ಇರಬೇಕು. ಒಂದು ಕೂತು ಇಳಿಯಲು, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಹಿಡಿಯಲು. ಎರಡನ್ನೂ ಬೇರೆ ಬೇರೆ ಕಡೆ ಕಟ್ಟಿರಬೇಕು. ಒಬ್ಬ ಮನುಷ್ಯನಿಗೆ ಒಂದೇ ಹಗ್ಗ ಕಂಡರೆ ಆ ಕೆಲಸ ಮಾಡಿಸುವವರು ಇನ್ನೂ ಏನೇನು ಉಳಿಸಿದ್ದಾರೋ ಗೊತ್ತಿಲ್ಲ. ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗಿ.

ಈಗ ಆಮೇಲಿನ ಕಥೆ.

ಚಿಕ್ಕಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ ಆಟೋ ಹುಡುಕುತ್ತಿದ್ದೆ. ಅಷ್ಟರಲ್ಲಿ ಕಟ್ಟಡದ ಸೆಕ್ಯೂರಿಟಿಯವರು ಎಲ್ಲಿಂದಲೋ ಹಳದಿ ಟೇಪ್, ಎರಡು ಕೋನ್ ತಂದರು. ಫುಟ್‌ಪಾತ್‌ಗೆ ಅಡ್ಡ ಕಟ್ಟಿದರು. ಒಬ್ಬರು ಅದರ ಫೋಟೋ ತೆಗೆದರು! ಬಕೆಟ್ ಇನ್ನೂ ಅಲ್ಲೇ ಬಿದ್ದಿತ್ತು. ಪುಣ್ಯಕ್ಕೆ ಟೇಪ್ ಬರುವ ಮುಂಚೆಯೇ ನಾನು ಫೋನಿನಲ್ಲಿ ವಿಡಿಯೋ ಮಾಡಿದ್ದೆ. ಅದರಲ್ಲಿ ಹಗ್ಗ, ಹುಡುಗ, ಬಕೆಟ್, ಟೇಪ್ ಇಲ್ಲದ ಫುಟ್‌ಪಾತ್ ಎಲ್ಲ ಇದೆ, ಸಮಯವೂ ಇದೆ. ಇವತ್ತು ನಮ್ಮ ಕೇಸು ನಿಂತಿರುವುದೇ ಆ ವಿಡಿಯೋ ಮೇಲೆ ಮತ್ತು ಎದುರು ಹೂ ಮಾರುತ್ತಿದ್ದ ಅಜ್ಜಿಯ ಮಾತಿನ ಮೇಲೆ. ಅಜ್ಜಿ ತಾವಾಗೇ ಕರೆದು ನಂಬರ್ ಕೊಟ್ಟರು. "ಅವ್ರು ಆಮೇಲೆ ಕಟ್ಟಿದ್ದು ಕಣಮ್ಮಾ, ನಾನ್ ನೋಡಿದೀನಿ" ಅಂದರು.

ಆಸ್ಪತ್ರೆಗೆ ಕಟ್ಟಡದ ಕಡೆಯವರೊಬ್ಬರು ಜೊತೆಗೆ ಬಂದರು. ಒಳ್ಳೆಯ ಮನುಷ್ಯ ಅಂದುಕೊಂಡೆವು. ಕೌಂಟರಿನಲ್ಲಿ ಹೇಗಾಯಿತು ಅಂತ ಕೇಳಿದರೆ ನಮಗಿಂತ ಮುಂಚೆ ಅವರೇ "ಫುಟ್‌ಪಾತ್‌ನಲ್ಲಿ ಜಾರಿ ಬಿದ್ರು" ಅಂದುಬಿಟ್ಟರು. ಚಿಕ್ಕಪ್ಪ ಆ ನೋವಿನಲ್ಲೂ "ನಾನು ಬೀಳಲಿಲ್ಲ, ನನ್ನ ಮೇಲೆ ಬಿತ್ತು" ಅಂತ ಗದರಿದರು. ಸರಿಮಾಡಿಸಿ, ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ ಅಂತ ದಾಖಲು ಮಾಡಿಸಿದೆವು. ಇದು ಸಣ್ಣ ವಿಷಯ ಅಲ್ಲ. ಆಸ್ಪತ್ರೆಯ ಮೊದಲ ಹಾಳೆಯಲ್ಲಿ ಏನು ಬರೆದಿದೆಯೋ ಪೊಲೀಸರೂ ಕೋರ್ಟೂ ಮೆಡಿಕಲ್ ಇನ್ಶೂರೆನ್ಸಿನವರೂ ಅದನ್ನೇ ಹಿಡಿಯುತ್ತಾರೆ.

ಸಂಜೆಗೆ ಒಂದು ಕವರ್ ಬಂತು. ಒಳಗೆ ಸ್ವಲ್ಪ ದುಡ್ಡು, ಜೊತೆಗೆ ಟೈಪ್ ಮಾಡಿದ ಒಂದು ಹಾಳೆ. 'ಪೂರ್ಣ ಮತ್ತು ಅಂತಿಮ ಪರಿಹಾರ ಪಡೆದಿದ್ದೇನೆ, ಯಾರ ಮೇಲೂ ದೂರಿಲ್ಲ.' ಎಕ್ಸ್‌ರೇ ಬಂದು ಇನ್ನೂ ಗಂಟೆಯೂ ಆಗಿರಲಿಲ್ಲ. ಆಪರೇಷನ್ ಬೇಕೋ ಬೇಡವೋ, ಫಿಸಿಯೋಥೆರಪಿ ಎಷ್ಟು ದಿನವೋ ಡಾಕ್ಟರಿಗೇ ತಿಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ಹಾಳೆಗೂ ಸಹಿ ಹಾಕಬೇಡಿ. ದುಡ್ಡು ತೀರಾ ಬೇಕಿದ್ದರೆ ತಗೊಳ್ಳಿ. ಆದರೆ ರಸೀದಿಯಲ್ಲಿ 'ಆಸ್ಪತ್ರೆ ಖರ್ಚಿಗೆ ಮುಂಗಡ' ಅಂತ ಮಾತ್ರ ಬರೆಯಿರಿ.

ಮಾರನೇ ದಿನ ನಾನು ಮ್ಯಾನೇಜರ್ ಹತ್ತಿರ ಹೋದೆ. "ಮೇಡಂ, ಅದು ಹೌಸ್‌ಕೀಪಿಂಗ್ ಏಜೆನ್ಸಿ ಕೆಲಸ, ನಮಗೆ ಸಂಬಂಧ ಇಲ್ಲ." ಏಜೆನ್ಸಿಗೆ ಫೋನ್ ಮಾಡಿದರೆ "ಗ್ಲಾಸ್ ಕ್ಲೀನಿಂಗ್ ನಾವು ಮಾಡಲ್ಲ, ಸಬ್‌ಗೆ ಕೊಟ್ಟಿದ್ವಿ." ಸಬ್ ಕಾಂಟ್ರಾಕ್ಟರ್ ಫೋನ್ ಸ್ವಿಚ್ ಆಫ್. ಕೊನೆಗೆ ಎಲ್ಲರೂ ಬೆರಳು ತೋರಿಸಿದ್ದು ಆ ಹುಡುಗನ ಕಡೆ. ಒಡಿಶಾದಿಂದ ಬಂದವನು. ಅವನೊಬ್ಬನೇ ಆಸ್ಪತ್ರೆಗೆ ಬಂದು ಬಾಗಿಲ ಹತ್ತಿರ ಅಳುತ್ತಾ ನಿಂತಿದ್ದವನು. ಠಾಣೆಯಲ್ಲೂ ಮೊದಲು ಅವನ ಹೆಸರೊಂದನ್ನೇ ಬರೆದುಕೊಡಿ ಅಂದರು. ಬರೆಯಲಿಲ್ಲ. ದೂರಿನಲ್ಲಿ ಕಟ್ಟಡದ ಮಾಲೀಕರು, ನಿರ್ವಹಣೆ ನೋಡುವವರು, ಏಜೆನ್ಸಿ, ಸಬ್ ಕಾಂಟ್ರಾಕ್ಟರ್, ಸ್ಥಳದಲ್ಲಿ ಇರಬೇಕಿದ್ದ ಸೂಪರ್‌ವೈಸರ್ ಎಲ್ಲರನ್ನೂ ಹಾಕಿದೆವು. ಯಾರು ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಅಂತ ಒಬ್ಬೊಬ್ಬರ ಮುಂದೆ ಬರೆದೆವು. ಇದು ಬೇಕೇ ಬೇಕು. ಕ್ರಿಮಿನಲ್ ಕೇಸಿನಲ್ಲಿ 'ಮಾಲೀಕ' ಅನ್ನುವ ಒಂದೇ ಕಾರಣಕ್ಕೆ ಯಾರೂ ಅಪರಾಧಿ ಆಗುವುದಿಲ್ಲ. ಅವರ ಕೈಯಿಂದಾದ ನಿರ್ಲಕ್ಷ್ಯ ಏನು ಅಂತ ತೋರಿಸಬೇಕು.

ಕಾನೂನು ಏನು ಹೇಳುತ್ತದೆ ಅಂತ ನಮಗೆ ವಕೀಲರು ತಿಳಿಸಿದ್ದನ್ನು ಹೇಳುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 125ನೇ ಕಲಂ ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ತರುವುದರ ಬಗ್ಗೆ. ಯಾರಿಗೂ ಗಾಯ ಆಗದಿದ್ದರೂ ಅದು ಅನ್ವಯಿಸುತ್ತದೆ. ಮೂಳೆ ಮುರಿದರೆ ಅದು 'ತೀವ್ರ ಗಾಯ', 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸತ್ತರೆ 106ನೇ ಕಲಂ, 5 ವರ್ಷದವರೆಗೆ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ, ಕೇಳಿ ತಗೊಳ್ಳಿ. ಠಾಣೆಯಲ್ಲಿ ಬರೆದುಕೊಳ್ಳಲಿಲ್ಲ ಅಂದರೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು.

ಆದರೆ ಜೈಲು, ದಂಡದಿಂದ ಆಸ್ಪತ್ರೆ ಬಿಲ್ ತೀರುವುದಿಲ್ಲ ಅಲ್ವಾ. ದುಡ್ಡಿಗೆ ಸಿವಿಲ್ ಕೋರ್ಟಿಗೆ ಬೇರೆ ದಾವೆ ಹಾಕಬೇಕು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲೇ. ಅದೇ ಫುಟ್‌ಪಾತ್ ಪಕ್ಕ ಆಟೋ ಗುದ್ದಿದ್ದರೆ ಅದಕ್ಕೆ ಕಡ್ಡಾಯ ವಿಮೆ ಇರುತ್ತಿತ್ತು, ಮೋಟಾರು ಅಪಘಾತ ಪರಿಹಾರಕ್ಕೇ ಅಂತ ಪ್ರತ್ಯೇಕ ನ್ಯಾಯಮಂಡಳಿ ಇದೆ. ಬಕೆಟ್ ಬಿದ್ದರೆ ಅದ್ಯಾವುದೂ ಇಲ್ಲ. ಗ್ರಾಹಕ ಆಯೋಗಕ್ಕೂ ಹೋಗುವ ಹಾಗಿಲ್ಲ, ಯಾಕೆಂದರೆ ಸುಮ್ನೆ ರಸ್ತೆಯಲ್ಲಿ ಹೋಗುತ್ತಿದ್ದ ಚಿಕ್ಕಪ್ಪ ಆ ಕಟ್ಟಡದ ಗ್ರಾಹಕರಲ್ಲ. "ಆಟೋನೇ ಗುದ್ದಿದ್ರೆ ಚೆನ್ನಾಗಿತ್ತು ಬಿಡಮ್ಮಾ" ಅಂತ ಅವರೇ ಈಗಲೂ ತಮಾಷೆ ಮಾಡುತ್ತಾರೆ. ವಕೀಲರ ಫೀಸಿಗೆ ಕಷ್ಟ ಇದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

'ಕಾಂಟ್ರಾಕ್ಟರ್ ಕೆಲಸ, ನಮ್ಮದಲ್ಲ' ಅನ್ನುವ ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ? ಸಾಮಾನ್ಯವಾಗಿ ಸ್ವತಂತ್ರ ಕಾಂಟ್ರಾಕ್ಟರ್ ಮಾಡಿದ ತಪ್ಪಿಗೆ ಕೆಲಸ ಕೊಟ್ಟವರು ಹೊಣೆ ಅಲ್ಲ, ನಿಜ. ಆದರೆ ಜನ ಓಡಾಡುವ ದಾರಿಯ ಮೇಲೆ ಅಪಾಯದ ಕೆಲಸ ಮಾಡಿಸಿದಾಗ ಆ ನೆಪ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ನಮ್ಮ ವಕೀಲರು ಹಿಡಿದದ್ದು 1966ರ ಒಂದು ಸುಪ್ರೀಂ ಕೋರ್ಟ್ ತೀರ್ಪನ್ನು. ದೆಹಲಿಯ ಚಾಂದನಿ ಚೌಕದ ಹಳೆಯ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣ. ಗೋಪುರ ಅಲ್ಲಿನ ನಗರಸಭೆಯದು. ದಾರಿಗೆ ಅಂಟಿಕೊಂಡ ಕಟ್ಟಡದಿಂದ ದಾರಿಹೋಕರಿಗೆ ಅಪಾಯ ಆಗದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ, ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ ಅಂದರೂ ಬಿಡುವುದಿಲ್ಲ ಅಂತ ಕೋರ್ಟ್ ಹೇಳಿತು. ಗೋಪುರ ತಾನಾಗಿ ಬೀಳುವುದಿಲ್ಲ, ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ನಿರ್ಲಕ್ಷ್ಯ ಇರಲಿಲ್ಲ ಅನ್ನುವುದಾದರೆ ಅದನ್ನು ಮಾಲೀಕರೇ ತೋರಿಸಲಿ ಅಂತಲೂ ಹೇಳಿತು. ಬಕೆಟ್ಟೂ ಆಕಾಶದಿಂದ ತಾನಾಗಿ ಬೀಳುವುದಿಲ್ಲ ಅನ್ನುವುದು ನಮ್ಮ ವಾದ. ಲಾಯರ್ ನೋಟಿಸ್ ಹೋದ ಮೇಲೆ ಆಸ್ಪತ್ರೆ ಬಿಲ್ ಮಟ್ಟಿಗೆ ಕಟ್ಟಡದವರು ಕೊಟ್ಟರು. ಉಳಿದದ್ದಕ್ಕೆ ಇನ್ನೂ ಅಲೆಯುತ್ತಿದ್ದೇವೆ.

ನಡುವೆ ಏಜೆನ್ಸಿಯವರು "ನಮಗೆ ಇನ್ಶೂರೆನ್ಸ್ ಇದೆ, ನೀವ್ಯಾಕೆ ಗಾಬರಿ ಪಡ್ತೀರಾ" ಅಂತ ಒಂದು ಪಾಲಿಸಿ ತೋರಿಸಿದರು. ಬಿಡಿಸಿ ಓದಿದರೆ ಅದು ಕೆಲಸಗಾರರಿಗೆ ಪೆಟ್ಟಾದರೆ ಕೊಡುವ ಪಾಲಿಸಿ. ದಾರಿಯಲ್ಲಿ ಹೋಗುವವರಿಗೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ. ಹೊರಗಿನವರಿಗೆ ಆದ ಹಾನಿಗೆ ಬೇರೆ ಪಾಲಿಸಿ ಬೇಕು, ಪಬ್ಲಿಕ್ ಲಯಬಿಲಿಟಿ ಅಥವಾ ಥರ್ಡ್ ಪಾರ್ಟಿ ಅಂತ ಅದರಲ್ಲಿ ಬರೆದಿರುತ್ತದೆ.

ಸಿಸಿಟಿವಿ ಬಗ್ಗೆಯೂ ಒಂದು ಮಾತು. ತುಂಬ ಕಡೆ ಹಳೆಯ ರೆಕಾರ್ಡಿಂಗ್ ಮೇಲೆಯೇ ಹೊಸದು ಬರುತ್ತಾ ಹೋಗುತ್ತದೆ, ಕೆಲವು ವಾರಗಳಲ್ಲಿ ಎಲ್ಲ ಅಳಿಸಿಹೋಗುತ್ತದೆ. ಬಾಯಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. 'ಇಂಥ ದಿನ, ಇಂಥ ಹೊತ್ತಿನದನ್ನು ಅಳಿಸದೆ ಇಟ್ಟುಕೊಳ್ಳಿ' ಅಂತ ಅದೇ ದಿನ ಪತ್ರ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಪೊಲೀಸರಿಗೂ ಅದನ್ನು ತರಿಸಿಕೊಳ್ಳಿ ಅಂತ ದೂರಿನಲ್ಲೇ ಬರೆಯಿರಿ. ಅಕ್ಕಪಕ್ಕದ ಅಂಗಡಿಯ ಕ್ಯಾಮರಾಗಳನ್ನು ಮರೆಯಬೇಡಿ, ನಮಗೆ ಬೇಗ ಸಿಕ್ಕಿದ್ದು ಅಲ್ಲಿಂದಲೇ.

ಬೀಳುವುದು ಬಕೆಟ್ ಒಂದೇ ಅಲ್ಲ. ನಮ್ಮೂರಿನ ಬೋರ್‌ವೆಲ್ ನೀರಿಗೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಸೋಪಿಗೆ ಹೋಗುವುದಿಲ್ಲ. ಅದಕ್ಕೆ ಆಸಿಡ್ ಇರುವ ದ್ರಾವಣ ಬಳಸುವವರಿದ್ದಾರೆ. ಗಾಳಿಗೆ ಅದರ ಹನಿ ಎಲ್ಲಿಗೋ ಹೋಗುತ್ತದೆ. ಕಣ್ಣಿಗೋ ಮೈಗೋ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ, ಉಜ್ಜಬೇಡಿ. ಡಬ್ಬದ ಲೇಬಲ್ ಫೋಟೋ ತೆಗೆದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಹೈಡ್ರೋಫ್ಲೋರಿಕ್ ಆಸಿಡ್ ಇರುವಂಥದ್ದಾದರೆ ಉರಿ ತಡವಾಗಿ ಶುರುವಾಗಬಹುದು, ಅದಕ್ಕೆ ಚಿಕಿತ್ಸೆಯೂ ಬೇರೆ. ಇನ್ನು ಸೋಪು ನೀರು ಹರಿದ ಗ್ರಾನೈಟ್ ಫುಟ್‌ಪಾತ್ ಮೇಲೆ ವಯಸ್ಸಾದವರು ಹೆಜ್ಜೆ ಇಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇದನ್ನು ಓದುತ್ತಿರುವವರಲ್ಲಿ ಅಂಗಡಿ ಇಟ್ಟವರು, ಅಪಾರ್ಟ್‌ಮೆಂಟ್ ಕಮಿಟಿಯವರು ಇದ್ದೇ ಇರುತ್ತೀರಿ. ಕಡಿಮೆ ರೇಟಿನ ಕೊಟೇಶನ್ ಬಂದಾಗ ಅದರಲ್ಲಿ ಕೆಳಗೆ ನಿಲ್ಲುವ ಮನುಷ್ಯನ ಕೂಲಿ ಸೇರಿದೆಯಾ ಕೇಳಿ. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಫುಟ್‌ಪಾತ್ ಮುಚ್ಚಲು ಅನುಮತಿ ಬೇಕು, ಅದೇ ತಲೆನೋವು ಅಂತ ಆ ಮ್ಯಾನೇಜರ್ ನನ್ನ ಹತ್ತಿರವೂ ಹೇಳಿದರು. ತಲೆನೋವು ಇದ್ದೀತು. ಭಾನುವಾರ ಬೆಳಿಗ್ಗೆ ಜನ ಬರುವ ಮುಂಚೆ ರಸ್ತೆ ಬದಿಯ ಗಾಜು ಮುಗಿಸಿದರೆ ಅದೂ ಅರ್ಧ ಕಡಿಮೆ ಆಗುತ್ತದೆ. 'ಏನಾದರೂ ಆದರೆ ಕಾಂಟ್ರಾಕ್ಟರೇ ಹೊಣೆ' ಅಂತ ಕರಾರಿನಲ್ಲಿ ಬರೆಸಿಕೊಂಡಿದ್ದೇವೆ ಅಂತ ನಿಶ್ಚಿಂತೆಯಾಗಿ ಇರಬೇಡಿ. ಅದು ನಿಮ್ಮ ಮತ್ತು ಕಾಂಟ್ರಾಕ್ಟರ್ ನಡುವಿನ ಮಾತು. ಹೆಗಲು ಮುರಿದವರು ನಿಮ್ಮ ಮೇಲೆ ದಾವೆ ಹಾಕುವುದನ್ನು ಅದು ತಡೆಯುವುದಿಲ್ಲ. ಕೊಟ್ಟ ದುಡ್ಡನ್ನು ಆಮೇಲೆ ಕಾಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲು ಮಾತ್ರ ಬರುತ್ತದೆ, ಅದೂ ಅವರ ಫೋನ್ ಆನ್ ಇದ್ದರೆ. ಆದ್ದರಿಂದ ಥರ್ಡ್ ಪಾರ್ಟಿ ಪಾಲಿಸಿಯ ನಕಲು ಕೈಗೆ ಬಂದು, ಅದರ ತಾರೀಖು ನೋಡುವ ತನಕ ಹಗ್ಗ ಕೆಳಗೆ ಬಿಡಲು ಒಪ್ಪಬೇಡಿ.