ಥೈರಾಯ್ಡ್‌ಗೆ ಯಾವ ಐಸೊಟೋಪ್: ಆರು ಗಂಟೆಯದೋ, ಎಂಟು ದಿನದ್ದೋ?

ಥೈರಾಯ್ಡ್ ಗ್ರಂಥಿಯ ಚಿತ್ರ ತೆಗೆಯುವುದಷ್ಟೇ ಉದ್ದೇಶವಾಗಿದ್ದರೆ ಸಾಮಾನ್ಯವಾಗಿ ಟೆಕ್ನೀಷಿಯಂ-99ಎಂ ಎಂಬ, ವಿಕಿರಣ ಸೂಸುವ ಐಸೊಟೋಪ್ (ಮೂಲವಸ್ತುವಿನ ಒಂದು ರೂಪ) ಸಾಕಾಗುತ್ತದೆ. ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ಸುಮಾರು 6 ಗಂಟೆ; ಬೆಳಿಗ್ಗೆ ಚುಚ್ಚಿದ್ದರಲ್ಲಿ ಮರುದಿನ ಅದೇ ಹೊತ್ತಿಗೆ ಹದಿನಾರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುವುದಿಲ್ಲ, ಮೂತ್ರದಲ್ಲಿ ಹೊರಹೋಗುವುದು ಬೇರೆ. ಇಷ್ಟು ಅಲ್ಪಾಯುವಾದ ವಸ್ತು ಆಸ್ಪತ್ರೆಗೆ ದೊರೆಯುವುದು, 66 ಗಂಟೆ ಅರ್ಧಾಯುವಿನ, ಕ್ಷಯಿಸುತ್ತಾ ಟೆಕ್ನೀಷಿಯಂ ಆಗುವ ಮಾಲಿಬ್ಡಿನಂ-99 ತುಂಬಿದ, ಸೀಸದ ಕವಚವಿರುವ ಜನರೇಟರಿನಿಂದ. ಅದರೊಳಗೆ ಲವಣಜಲ ಹಾಯಿಸಿದರೆ ಮಾಲಿಬ್ಡಿನಂ ಅಲ್ಲೇ ಅಂಟಿಕೊಂಡು, ಟೆಕ್ನೀಷಿಯಂ ಮಾತ್ರ ಸೀಸೆಗೆ ಇಳಿಯುತ್ತದೆ; ಈ ಕೆಲಸಕ್ಕೆ ಹಾಲು ಕರೆಯುವುದೆಂಬ ಅಡ್ಡಹೆಸರು ಬಂದಿರುವುದು ಸಹಜವೇ.

ಆದರೆ ಗ್ರಂಥಿಯು ಟೆಕ್ನೀಷಿಯಂ ಅನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಹಾರ್ಮೋನು ತಯಾರಿಸಲು ಬಳಸುವುದಿಲ್ಲ. ಆದ್ದರಿಂದ 24 ಗಂಟೆಯ ಹೀರಿಕೆಯನ್ನು (ಅಷ್ಟು ಹೊತ್ತಿನಲ್ಲಿ ಗ್ರಂಥಿ ಎಷ್ಟು ಒಳಗೆಳೆದುಕೊಂಡಿತೆಂಬುದನ್ನು) ಅಳೆಯಲು, ಹಾರ್ಮೋನಿಗೆ ಬಳಕೆಯಾಗುವ ಅಯೋಡಿನ್ನೇ ಬೇಕು. ಅಯೋಡಿನ್-123ರ ಅರ್ಧಾಯು ಸುಮಾರು 13 ಗಂಟೆ, ಅದು ಬೀಟಾ ಕಣಗಳನ್ನು (ಕೋಶಗಳಿಗೆ ಹಾನಿ ಮಾಡುವ ವೇಗದ ಎಲೆಕ್ಟ್ರಾನ್‌ಗಳನ್ನು) ಹೊರಸೂಸುವುದಿಲ್ಲ. ಸಿಗುವಂತಿದ್ದರೆ ನಾನು ಇದನ್ನೇ ಆರಿಸುವೆ. ಸೈಕ್ಲೋಟ್ರಾನ್ ಎಂಬ ಕಣ ವೇಗವರ್ಧಕ ಯಂತ್ರದಲ್ಲಿ ತಯಾರಾಗುವುದರಿಂದ ಬೆಲೆ ಮಾತ್ರ ಹೆಚ್ಚು.

ಅಯೋಡಿನ್-131ರ ಅರ್ಧಾಯು 8 ದಿನ. ಕೇವಲ ಚಿತ್ರಕ್ಕಾದರೆ ಅದು ಅನಗತ್ಯವಾಗಿ ದೀರ್ಘ. ಚಿಕಿತ್ಸೆಗಾದರೆ ಆ ದೀರ್ಘತೆಯೇ ಅನುಕೂಲ, ಏಕೆಂದರೆ ಒಂದೆರಡು ಮಿಲಿಮೀಟರಿನೊಳಗೆ ಶಕ್ತಿ ಕಳೆದುಕೊಳ್ಳುವ ಅದರ ಬೀಟಾ ಕಣಗಳು ಅತಿಯಾಗಿ ದುಡಿಯುವ ಗ್ರಂಥಿಯನ್ನಾಗಲಿ, ಶಸ್ತ್ರಚಿಕಿತ್ಸೆಯ ನಂತರ ಉಳಿದ ಕ್ಯಾನ್ಸರ್ ಕೋಶಗಳನ್ನಾಗಲಿ ದಿನಗಟ್ಟಲೆ ಒಳಗಿನಿಂದಲೇ ನಾಶಪಡಿಸುತ್ತವೆ. ಗರ್ಭಿಣಿಯರಿಗೆ ಇದನ್ನು ಕೊಡುವಂತಿಲ್ಲ. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಪಡೆದವರು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇರಬೇಕಾಗುತ್ತದೆ.