ಬೈಕ್ ಲಾಕ್ ಕೈಕೊಟ್ಟಾಗ: ಕೊಬ್ಬರಿ ಎಣ್ಣೆ, ಲೋಕಲ್ ಲಾಕ್, ಶೋರೂಮ್ ಸೆಟ್, ಕೀ ಮಾಡುವವರು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೀ ಮಾಡುವವರಿಗೆ. ಹಾಸನದಲ್ಲಿ ರಸ್ತೆ ಬದಿ ದೊಡ್ಡ ಕೊಡೆ ಬಿಚ್ಚಿ, ಹಲಗೆ ತುಂಬ ಕೀ ನೇತುಹಾಕಿಕೊಂಡು ಕೂರುವ ಒಬ್ಬರಿದ್ದಾರೆ. ಅವರ ಹತ್ತಿರ ಹೋಗುವ ಹೊತ್ತಿಗೆ ಎರಡು ವರ್ಷ ಮತ್ತು ಹತ್ತಿರ ಹತ್ತಿರ 1,100 ರೂಪಾಯಿ ಬೇರೆ ಕಡೆ ಸುರಿದಿದ್ದೆ. ಮೊದಲ ದಿನವೇ ಹೋಗಿದ್ದರೆ 300ಕ್ಕೆ ಮುಗಿಯುತ್ತಿತ್ತು.

ನನ್ನದು 12 ವರ್ಷದ ಹಳೇ 100 ಸಿಸಿ ಬೈಕ್. ಮಳೆಯಲ್ಲೂ ಅದೇ, ಹೊಲದ ಕೆಸರಲ್ಲೂ ಅದೇ. ಒಂದು ಮಳೆಗಾಲದಲ್ಲಿ ಇಗ್ನಿಷನ್ ಕೀ ಬಿಗಿಯಾಗಲು ಶುರುವಾಯಿತು. ಅಪ್ಪ ನೋಡಿ, "ಎರಡು ಹನಿ ಕೊಬ್ಬರಿ ಎಣ್ಣೆ ಬಿಡೋ, ಅದಕ್ಕೆಲ್ಲ ಮೆಕ್ಯಾನಿಕ್ ಯಾಕೆ" ಎಂದರು. ಬಿಟ್ಟೆ. ಬೆಣ್ಣೆಯ ಹಾಗೆ ತಿರುಗಿತು. ಅಪ್ಪನ ಮುಖದಲ್ಲಿ ಗೆಲುವು. ನಾನೂ ತಿಂಗಳಿಗೊಮ್ಮೆ ಬಿಡುತ್ತಾ ಹೋದೆ.

ಡಿಸೆಂಬರ್ ಬಂತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಟಲಿಯನ್ನು ದಿನಾ ಬಿಸಿನೀರಲ್ಲಿಟ್ಟು ಕರಗಿಸುವ ನನಗೆ ಇದು ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ? ಆದರೆ ಲಾಕ್ ಒಳಗೂ ಅದೇ ಎಣ್ಣೆ ಇದೆ ಅನ್ನುವುದು ತಲೆಗೆ ಹೋಗಲಿಲ್ಲ, ನೋಡಿ. ಬೆಳಗ್ಗೆ ಆರೂವರೆಗೆ ಹ್ಯಾಂಡಲ್ ಲಾಕ್ (ಅದೂ ಇಗ್ನಿಷನ್ ಲಾಕಿನಲ್ಲೇ ಇರುವುದು) ತೆಗೆಯಲು ಹೋದರೆ ಕೀ ಅಲುಗಲಿಲ್ಲ. ಸ್ವಲ್ಪ ಜೋರು ಮಾಡಿದೆ. ಟಕ್ ಅಂತ ಅರ್ಧ ಕೀ ಕೈಯಲ್ಲಿ, ಅರ್ಧ ಒಳಗೆ.

ಕೀ ಮುರಿದರೆ ಮಾಡಬಾರದ್ದನ್ನೂ ಮಾಡಿದೆ. ಮುರಿದ ತುದಿಗೆ ಐದು ರೂಪಾಯಿಯ ಅಂಟು ಹಚ್ಚಿ ಒಳಗಿನ ತುಂಡಿಗೆ ಅಂಟಿಸಿ ಎಳೆಯುವ ಉಪಾಯ. ಅಂಟು ಹಿಡಿಯಿತು, ಆದರೆ ತುಂಡನ್ನಲ್ಲ, ಲಾಕಿನ ಬಾಯಿಯನ್ನು. ಹ್ಯಾಂಡಲ್ ಎಡಕ್ಕೆ ತಿರುಗಿ ಲಾಕ್ ಆದ ಬೈಕನ್ನು ತಳ್ಳಿದರೆ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತದೆ. ಕೊನೆಗೆ ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದು, ಎತ್ತಿ ಲಗೇಜ್ ಆಟೋಗೆ ಹಾಕಿ ಗ್ಯಾರೇಜಿಗೆ ಸಾಗಿಸಿದ್ದಾಯಿತು. ಆಟೋಗೇ 300.

ಗ್ಯಾರೇಜಿನವರು ಹಳೇ ಲಾಕ್ ಕಿತ್ತು ಲೋಕಲ್ ಲಾಕ್ ಹಾಕಿದರು. ಲಾಕಿಗೆ 450, ಕೂಲಿ 150. "ಇಗ್ನಿಷನ್ ಒಂದೇ ಸಾಕಲ್ವಾ ಸಾರ್, ಪೆಟ್ರೋಲ್ ಟ್ಯಾಂಕ್ ಲಾಕ್ ಚೆನ್ನಾಗೇ ಇದೆ, ಸುಮ್ನೆ ಸೆಟ್ ಯಾಕೆ" ಎಂದರು. ಸೆಟ್ ಅಂದರೆ ಇಗ್ನಿಷನ್, ಟ್ಯಾಂಕ್, ಸೈಡ್ ಎಲ್ಲಕ್ಕೂ ಒಂದೇ ಕೀ ಇರುವ ಲಾಕುಗಳು. ಸರಿಯಾದ ಮಾತು ಅನ್ನಿಸಿತು. ಅಲ್ಲೇ ನಾನು ಎಡವಿದ್ದು.

ಇಗ್ನಿಷನ್‌ಗೆ ಹೊಸ ಕೀ. ಟ್ಯಾಂಕಿಗೆ ಮತ್ತು ಸೈಡ್ ಬಾಕ್ಸಿಗೆ ಬೀರುವಿನಲ್ಲಿದ್ದ ಹಳೇ ಎರಡನೇ ಕೀ. ಕೇಳಲು ಏನೂ ಅಲ್ಲ. ಆದರೆ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತು ನೋಡಿ. ನಿಮ್ಮ ಸರದಿ ಬಂತು, ಬೈಕ್ ಆಫ್ ಮಾಡಿದಿರಿ, ಕೀ ತೆಗೆದು ಟ್ಯಾಂಕಿಗೆ ಹಾಕಿದಿರಿ. ತಿರುಗಲ್ಲ. ಇನ್ನೊಂದು ಕೀ ಪ್ಯಾಂಟಿನ ಜೇಬಲ್ಲಿ, ಅದರ ಮೇಲೆ ರೈನ್‌ಕೋಟ್. ಹಿಂದೆ ಹತ್ತು ಜನ. ಬಂಕಿನ ಹುಡುಗ ನಾಜಲ್ ಹಿಡಿದುಕೊಂಡು ಆಕಾಶ ನೋಡುತ್ತಿದ್ದಾನೆ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಎರಡು ಕೀಯನ್ನೂ ಒಂದೇ ರಿಂಗಿಗೆ ಹಾಕಬಹುದಲ್ಲ ಅಂತೀರಿ. ಹಾಕಿದೆ. ಆಗ ಓಡುವಾಗಲೆಲ್ಲ ಇನ್ನೊಂದು ಕೀ ಕಿಣಿಕಿಣಿ ಅನ್ನುತ್ತಾ ಲಾಕಿನ ಮುಖವನ್ನು ಗೀರುತ್ತದೆ. ಮೇಲಾಗಿ ಎರಡೂ ಕೀ ನೋಡಲು ಒಂದೇ ಥರ. ನಾನು ಮೊದಲು ಹಾಕುವುದು ಯಾವಾಗಲೂ ತಪ್ಪು ಕೀಯನ್ನೇ.

ಒಮ್ಮೆ ಹಳೇ ಕೀ ಮನೆಯಲ್ಲೇ ಉಳಿಯಿತು. ಆಫೀಸಿನಿಂದ ಬರುವಾಗ ಬಿ.ಎಂ. ರಸ್ತೆಯಲ್ಲಿ ಬೈಕ್ ರಿಸರ್ವ್‌ಗೆ ಬಂತು. ಬಂಕ್ ಎದುರಿಗೇ ಇದೆ, ಜೇಬಲ್ಲಿ ದುಡ್ಡಿದೆ, ಟ್ಯಾಂಕಿನ ಮುಚ್ಚಳ ತೆಗೆಯಲು ಕೀ ಇಲ್ಲ. ಮನೆ ಗೇಟಿಗೆ ನೂರು ಮೀಟರ್ ಇರುವಾಗ ನಿಂತಿತು. ಹೀಗೆ ಒಂದೂವರೆ ವರ್ಷ ಕಳೆದೆ. ಸೆಟ್‌ಗೆ ಇನ್ನು ಐನೂರು ಜಾಸ್ತಿ ಕೊಟ್ಟಿದ್ದರೆ ಒಂದೇ ಕೀ ಇರುತ್ತಿತ್ತು ಅನ್ನುವುದನ್ನು ಬಂಕಿಗೆ ಹೋದಾಗಲೆಲ್ಲ ನೆನೆಸಿಕೊಂಡೆ.

ಲೋಕಲ್ ಲಾಕಿನ ವೈರುಗಳನ್ನು ಬೈಕಿನ ವೈರುಗಳಿಗೆ ಜೋಡಿಸುವ ಕಪ್ಲರ್ ಕೂಡ ಹೊಂದಿಕೆಯಾಗಿರಲಿಲ್ಲ. ಕತ್ತರಿಸಿ, ತಿರುಚಿ, ಟೇಪ್ ಸುತ್ತಿದ್ದರು. ಮಳೆ ಬಂದರೆ ಹಾರ್ನ್ ಇಲ್ಲ.

ಎರಡನೇ ಮಳೆಗಾಲಕ್ಕೆ ಆ ಲಾಕೂ ಬಿಗಿಯಾಯಿತು. ಈ ಸಲ ಬುದ್ಧಿ ಬಂದಿತ್ತು, ಎಣ್ಣೆ ಮುಟ್ಟಲಿಲ್ಲ. ಡಬ್ಲ್ಯೂಡಿ-40 ಸ್ಪ್ರೇ ತಂದೆ, ಚಿಕ್ಕ ಡಬ್ಬಿ 200ರ ಒಳಗೆ. ಹೆಸರಿನ ಅರ್ಥವೇ ನೀರನ್ನು ಓಡಿಸುವುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾಡಿದ್ದು, 40ನೇ ಪ್ರಯತ್ನಕ್ಕೆ ಸರಿಬಂತಂತೆ. ಸಣ್ಣ ಕೊಳವೆ ಸಿಕ್ಕಿಸಿ ಹೊಡೆದರೆ ಒಳಗಿನ ಕಪ್ಪು ಕೊಳೆ ಹೊರಗೆ ಹರಿದು ಬರುವುದನ್ನು ನೋಡುವುದೇ ಒಂದು ಖುಷಿ. ತೊಳೆಯಲು ಬಹಳ ಚೆನ್ನಾಗಿದೆ. ಆದರೆ ನನ್ನ ಲಾಕಿನ ಸ್ಪ್ರಿಂಗೇ ಸತ್ತಿತ್ತು, ಅದಕ್ಕೆ ಸ್ಪ್ರೇ ಏನು ಮಾಡೀತು?

ಪೆನ್ಸಿಲ್ ಬಗ್ಗೆಯೂ ಒಂದು ಮಾತು. 4ಬಿ ಪೆನ್ಸಿಲಿನ ಸೀಸವನ್ನು ಕೀಗೆ ಚೆನ್ನಾಗಿ ಉಜ್ಜಿ ಹತ್ತು ಸಲ ಹಾಕಿ ತೆಗೆದರೆ ಸಣ್ಣಪುಟ್ಟ ಬಿಗಿತ ಹೋಗುತ್ತದೆ. ಅದರಲ್ಲಿರುವುದು ಗ್ರಾಫೈಟ್, ಒಣ ಪುಡಿ, ಎಣ್ಣೆಯ ಹಾಗೆ ಧೂಳು ಹಿಡಿಯುವುದಿಲ್ಲ. ಮೊದಲೇ ಎಣ್ಣೆ ಬಿಟ್ಟ ಲಾಕಿಗೆ ಮಾತ್ರ ಬೇಡ, ಎರಡೂ ಸೇರಿ ಕೆಸರಾಗುತ್ತದೆ.

ಕೊನೆಗೆ ಕೊಡೆಯ ಕೆಳಗಿನವರ ಹತ್ತಿರ ಹೋದೆ. ಮೊದಲು ಕೇಳಿದ್ದೇ ಆರ್‌ಸಿ. ಗಾಡಿ ನನ್ನದೇ ಅಂತ ಖಾತ್ರಿಯಾದ ಮೇಲೆ ಲಾಕ್ ಬಿಚ್ಚಿದರು. ಒಳಗಿನ ಉರುಳೆ ಹೊರಗೆ ಎಳೆದರೆ ಸಾಲಾಗಿ ತೆಳ್ಳನೆ ಹಿತ್ತಾಳೆ ಪ್ಲೇಟುಗಳು, ಒಂದೊಂದಕ್ಕೂ ಕೂದಲಿನಂಥ ಸ್ಪ್ರಿಂಗ್. ಸರಿಯಾದ ಕೀ ಹಾಕಿದರೆ ಎಲ್ಲಾ ಪ್ಲೇಟುಗಳೂ ಉರುಳೆಯ ಮಟ್ಟಕ್ಕೆ ಬರುತ್ತವೆ, ಆಗ ತಿರುಗುತ್ತದೆ. ಒಂದು ಪ್ಲೇಟ್ ಹೊರಗೆ ಚಾಚಿಕೊಂಡರೂ ಮುಗಿಯಿತು. ನನ್ನದರಲ್ಲಿ ಎರಡು ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದ್ದವು. ಪೆಟ್ರೋಲಲ್ಲಿ ತೊಳೆದು, ಡಬ್ಬಿಯಿಂದ ಹುಡುಕಿ ಬೇರೆ ಎರಡು ಹಾಕಿದರು.

ನಾನು ಸುಮ್ನೆ ನನ್ನ ಎರಡು ಕೀಯ ಗೋಳು ಹೇಳಿಕೊಂಡೆ. "ಹಳೇ ಕೀ ಕೊಡಿ ಸಾರ್" ಎಂದರು. ಅದು ಲೋಕಲ್ ಲಾಕಿನ ಬಾಯಿಗೂ ಹೋಗುತ್ತಿತ್ತು, ತಿರುಗುತ್ತಿರಲಿಲ್ಲ ಅಷ್ಟೇ. ಕೀ ಒಳಗಿಟ್ಟು, ಯಾವ ಪ್ಲೇಟ್ ಹೊರಗೆ ಚಾಚಿದೆ ನೋಡಿ, ಕೆಲವನ್ನು ಅದಲುಬದಲು ಮಾಡಿ, ಎರಡಕ್ಕೆ ಅರ ಹಾಕಿದರು. ನಲವತ್ತು ನಿಮಿಷ. ಈಗ ಇಗ್ನಿಷನ್‌ಗೂ ಟ್ಯಾಂಕಿಗೂ ಒಂದೇ ಕೀ! ಅದರ ಒಂದು ನಕಲೂ ಸೇರಿ 300 ರೂಪಾಯಿ. ಒಂದೂವರೆ ವರ್ಷ ನಾನು ಜೇಬು ತಡಕಿದ್ದಕ್ಕೆ ಮದ್ದು ಇಷ್ಟೇ ಇತ್ತು.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಅರ ಹಾಕಿದ ಲಾಕ್ ಸ್ವಲ್ಪ ಸಡಿಲ. ಅವರೇ ಹೇಳಿದರು, ರಾತ್ರಿ ಬೀದಿಯಲ್ಲಿ ನಿಲ್ಲಿಸುವುದಾದರೆ ಚಕ್ರಕ್ಕೆ ಇನ್ನೊಂದು ಬೀಗ ಹಾಕಿ ಅಂತ. ನಾನು ಗೇಟಿನ ಒಳಗೆ ನಿಲ್ಲಿಸುತ್ತೇನೆ. ಇನ್ನೊಂದು ಮಾತೂ ಹೇಳಿದರು. ನಕಲಿ ಕೀ ಮಾಡಿಸುವಾಗ ದಿನಾ ಬಳಸಿ ಸವೆದ ಕೀ ಕೊಡಬೇಡಿ, ಬೀರುವಿನಲ್ಲಿರುವುದನ್ನು ಕೊಡಿ. ಸವೆದ ಕೀ ಕೊಟ್ಟರೆ ಸವೆತದ್ದೇ ನಕಲು ಬರುತ್ತದೆ.

ಶೋರೂಮ್ ದಾರಿಯನ್ನು ನೋಡಿದ್ದು ಅಪ್ಪನ ಬೈಕಿನಿಂದ. ಅವರದು ಮೂರು ವರ್ಷದ ಗಾಡಿ, ಕೀ ಕಳೆದುಹೋಯಿತು. ಒರಿಜಿನಲ್ ಸೆಟ್ ಹಾಕಿಸಿದೆವು. ಇಗ್ನಿಷನ್, ಟ್ಯಾಂಕ್, ಸೈಡ್ ಎಲ್ಲಕ್ಕೂ ಒಂದೇ ಕೀ, ಜೊತೆಗೊಂದು ಸ್ಪೇರ್. ಕೂಲಿ ಸೇರಿ 1,900 ರೂಪಾಯಿ. ಸ್ಟಾಕ್ ಇಲ್ಲ ಅಂತ ಹನ್ನೊಂದು ದಿನ ಕಾಯಿಸಿದರು. ಕೆಲಸದಲ್ಲಿ ಒಂದು ಕೊಂಕೂ ಇಲ್ಲ. ಬಿಲ್ ಜೋಪಾನ ಮಾಡಿ, ಹಳೇ ಕೀ ಉಳಿದಿದ್ದರೆ ಅದನ್ನೂ. ಗಾಡಿ ಕಳುವಾಗಿ ಇನ್ಶೂರೆನ್ಸ್ ಕೇಳಲು ಹೋದರೆ ಎರಡೂ ಕೀ ಎಲ್ಲಿ ಅಂತ ಕೇಳುತ್ತಾರೆ.

ಹಾಗಾಗಿ ಗಾಡಿ ಹೊಸದಿದ್ದರೆ, ಹನ್ನೊಂದು ದಿನ ಬಸ್ಸಿನಲ್ಲಿ ಓಡಾಡುವ ತಾಳ್ಮೆ ಇದ್ದರೆ ಶೋರೂಮ್. ನನ್ನ ಹಾಗೆ ಮಾರಿದರೂ ಹೆಚ್ಚೇನೂ ಬಾರದ ಗಾಡಿಯಾದರೆ ಕೊಡೆಯ ಕೆಳಗೆ. ಬಿಡಿ ಲೋಕಲ್ ಲಾಕ್ ಮಾತ್ರ ಬೇಡವೇ ಬೇಡ, ತಗೊಂಡರೆ ಪೂರ್ತಿ ಸೆಟ್ ತಗೊಳ್ಳಿ.

ಎಲ್ಲಿಗೂ ಹೋಗುವ ಮುಂಚೆ ಒಮ್ಮೆ ಹ್ಯಾಂಡಲ್ಲನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲುಗಿಸುತ್ತಾ ಕೀ ತಿರುಗಿಸಿ ನೋಡಿ. ಮುಂದಿನ ಚಕ್ರ ಗೋಡೆಗೋ ಕಲ್ಲಿಗೋ ಒತ್ತಿಕೊಂಡಿದ್ದರೆ ಲಾಕಿನ ಒಳಗಿನ ಕಂಬಿ ತೂತಿನಲ್ಲಿ ಬಿಗಿಯಾಗಿ ಸಿಕ್ಕಿರುತ್ತದೆ, ಲಾಕ್ ಕೆಟ್ಟಿರುವುದೇ ಇಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಅಪ್ಪನ ಬೈಕಿನ 1,900 ರೂಪಾಯಿಯ ಲಾಕಿನ ಬಾಯಿ ಜಿಡ್ಡಾಗಿತ್ತು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.