ಪ್ಯಾರಾಗ್ಲೈಡರ್ ವಿಂಗ್ ರಿಪೇರಿ: ಕಾಮ್‌ಶೇತ್ ಹತ್ತಿರದ ವರ್ಕ್‌ಶಾಪ್ ಬಗ್ಗೆ, ಕೆಲವು ಸೀಸನ್ ಕಳೆದ ಮೇಲೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಹೊಲಿಗೆಗೆ ಐದಕ್ಕೆ ಐದು, ಲೈನ್ (ವಿಂಗಿಗೂ ಹಾರುವವನಿಗೂ ನಡುವಿನ ದಾರ) ಅಳತೆಗೆ ಐದಕ್ಕೆ ಐದು, ಕೊಟ್ಟ ಮಾತಿಗೆ ಎರಡು. ಅದೂ ಧಾರಾಳವಾಗಿ ಕೊಟ್ಟ ಎರಡು. ಆದರೂ ನನ್ನ ಗ್ಲೈಡರನ್ನು ಬೇರೆಯವರ ಕೈಗೆ ಕೊಡುವ ಯೋಚನೆ ಇಲ್ಲ. ದೂರು ಸೇರಿದೆಯಾದ್ದರಿಂದ ವರ್ಕ್‌ಶಾಪಿನ ಹೆಸರು ಬರೆಯುತ್ತಿಲ್ಲ. ಕಾಮ್‌ಶೇತ್‌ನಲ್ಲಿ ಹಾರುವ ಯಾರನ್ನೇ ಕೇಳಿ, ದಾರಿ ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದರೆ ಕಾಮ್‌ಶೇತ್ ಸ್ಟೇಷನ್. ಅಲ್ಲಿಂದ ಪವನಾ ಕೆರೆಯ ಕಡೆಯ ಗುಡ್ಡಗಳಲ್ಲಿ ಪ್ಯಾರಾಗ್ಲೈಡಿಂಗ್. ದಸರೆಯ ಹೊತ್ತಿಗೆ ಶುರುವಾಗಿ ಮೇ ತನಕ ನಡೆಯುತ್ತದೆ, ಮಳೆಗಾಲದಲ್ಲಿ ಬಂದ್. ಧಾರವಾಡದಿಂದ ಪುಣೆಗೆ ಕೆಲಸಕ್ಕೆ ಬಂದವನು ನಾನು, ಶನಿವಾರ ಭಾನುವಾರ ಇದೇ ಚಟ. ನನ್ನದು ಇಎನ್-ಬಿ (ಯುರೋಪಿನ ಸುರಕ್ಷತಾ ಮಾನದಂಡದ ಒಂದು ದರ್ಜೆ) ವಿಂಗ್. ಈಗ ಅಂಥದ್ದನ್ನು ಹೊಸದಾಗಿ ತರಿಸಬೇಕೆಂದರೆ ಮೂರು ಲಕ್ಷ ದಾಟುತ್ತದೆ, ಹಾಗಾಗಿ ಹರಿದದ್ದನ್ನು ಹೊಲಿಸಿಕೊಳ್ಳದೆ ಗತಿಯಿಲ್ಲ.

ಹರಿದದ್ದು ಲ್ಯಾಂಡಿಂಗ್ ಮೈದಾನದ ಅಂಚಿನ ಜಾಲಿ ಮುಳ್ಳಿಗೆ. ಇಳಿದಾದ ಮೇಲೆ ಬಂದ ಒಂದು ಬೀಸುಗಾಳಿ ವಿಂಗನ್ನು ಎಳೆದುಕೊಂಡು ಹೋಗಿ ಗಿಡದ ಮೇಲೆ ಹೊದಿಸಿತು. ಒಂದು ಸೆಲ್ಲಿನ (ಗಾಳಿ ತುಂಬಿಕೊಳ್ಳುವ ಖಾನೆಯ) ಮೇಲ್ಬಟ್ಟೆ ಗೇಣುದ್ದ ಸೀಳಿ, ಪಕ್ಕದ ಸೆಲ್ಲಿನ ಹೊಲಿಗೆ ದಾಟಿ ಹೋಗಿತ್ತು. ಮುಳ್ಳು ಚುಚ್ಚಿದ ತೂತು, ಬೆರಳಗಲದ ಸೀಳು ಇಂಥವಕ್ಕೆ ಯಾರ ಹತ್ತಿರವೂ ಹೋಗಬೇಕಿಲ್ಲ. ಅಂಟಿನ ರಿಪ್‌ಸ್ಟಾಪ್ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಒಳಗೂ ಹೊರಗೂ ಹಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಚೌಕಾಕಾರ ಕತ್ತರಿಸಿದರೆ ಮೂಲೆಯಿಂದಲೇ ಎದ್ದು ಬರುತ್ತದೆ, ಅಷ್ಟೆ. ಆದರೆ ಸೀಳು ಹೊಲಿಗೆಗೆ ತಾಗಿತೆಂದರೆ ಆಟ ಬೇರೆ. ಹಾರುವಾಗ ಎಳೆತವೆಲ್ಲ ಹಾದುಹೋಗುವುದೇ ಆ ಹೊಲಿಗೆಗಳಲ್ಲಿ.

“ಲಕ್ಷ್ಮೀ ರೋಡಿನಲ್ಲಿ ಅಷ್ಟೊಂದು ಟೇಲರ್‌ಗಳಿದ್ದಾರಲ್ಲ” ಎಂದು ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ಟೇಲರ್‌ಗಳ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಬಟ್ಟೆ ಚದರ ಮೀಟರಿಗೆ 40 ಗ್ರಾಂ ಕೂಡ ತೂಗುವುದಿಲ್ಲ. ಫ್ರಾನ್ಸಿನ ಪೋರ್ಶೇರ್ ಕಂಪನಿಯ ಸ್ಕೈಟೆಕ್ಸ್ ಎಂಬ ನೈಲಾನ್ 38, 32, 27 ಗ್ರಾಂ ತೂಕಗಳಲ್ಲಿ ಬರುತ್ತದೆ. ದಪ್ಪ ಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದರೆ ಅದು ಹೊಲಿಗೆಯಾಗುವುದಿಲ್ಲ, ಅಂಚೆಚೀಟಿಯ ಅಂಚಿನಂತೆ ಹರಿಯಲು ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಜೊತೆಗೆ, ಹೊಲಿಯುವಾಗ ಬಟ್ಟೆಯನ್ನು ಸ್ವಲ್ಪ ಹೆಚ್ಚು ಎಳೆದರೂ ಆ ಸೆಲ್ಲಿನ ಆಕಾರವೇ ಕೆಡುತ್ತದೆ.

ವರ್ಕ್‌ಶಾಪ್ ಎಂದರೆ ತಗಡಿನ ಮಾಡಿನ ಉದ್ದನೆಯ ಒಂದು ಕೋಣೆ. ನಡುವೆ ಹಾಲುಗಾಜಿನ ಮೇಜು, ಕೆಳಗಿನಿಂದ ಟ್ಯೂಬ್‌ಲೈಟ್. ವಿಂಗನ್ನು ಅದರ ಮೇಲೆ ಒಂದೊಂದೇ ಸೆಲ್ಲಿನಂತೆ ಸರಿಸುತ್ತ ಹೋದರೆ ಸೂಜಿಮೊನೆಯಷ್ಟು ತೂತೂ ಚುಕ್ಕೆಯಾಗಿ ಹೊಳೆಯುತ್ತದೆ. ನನ್ನ ಕಣ್ಣಿಗೆ ಬಿದ್ದಿದ್ದ ಸೀಳು ಒಂದೇ; ಅಲ್ಲಿ ಒಳಗಿನ ರಿಬ್ ಕೂಡ ಬಿರಿದದ್ದು ಸಿಕ್ಕಿತು. ರಿಬ್ ಎಂದರೆ ಮೇಲ್ಬಟ್ಟೆ ಕೆಳಬಟ್ಟೆಗಳ ನಡುವೆ ನಿಂತು ರೆಕ್ಕೆಗೆ ಆಕಾರ ಕೊಡುವ ಅಡ್ಡಗೋಡೆ. ಅದನ್ನು ಮುಟ್ಟಲು ಹಿಂಬದಿಯ ಅಂಚಿನ ಹೊಲಿಗೆ ಬಿಚ್ಚಬೇಕು. ಕೆಲಸ ಮಾಡುವ ಹುಡುಗ ಎಳೆ ಬಿಚ್ಚುವ ಸಣ್ಣ ಕೊಕ್ಕೆಯಿಂದ ಒಂದೊಂದೇ ಟಾಕು ಕಿತ್ತ, ಕಿತ್ತ ನೂಲನ್ನು ಬೆರಳಿಗೆ ಸುತ್ತಿಟ್ಟ, ಹಳೇ ತೂತುಗಳಲ್ಲೇ ಮತ್ತೆ ಸೂಜಿ ಇಳಿಸಿದ. ಅವಸರವೇ ಇಲ್ಲ. ನಡುವೆ ಚಹಾ ಬಂದರೂ ಮೇಜಿನಿಂದ ದೂರ ಹೋಗಿಯೇ ಕುಡಿದ. ಆ ಪ್ಯಾನೆಲ್ ಅಂದಿನಿಂದ ಇಂದಿನವರೆಗೆ ಒಂದು ಎಳೆ ಬಿಟ್ಟಿಲ್ಲ. ಬಣ್ಣ ಮಾತ್ರ ಹೊಂದುವುದಿಲ್ಲ: ನನ್ನದು ಕೆಂಪು, ಅವರ ಹತ್ತಿರವಿದ್ದದ್ದು ಕೇಸರಿ. ಆಕಾಶದಲ್ಲಿ ನನ್ನನ್ನು ಗುರುತಿಸಲು ಗೆಳೆಯರಿಗೆ ಅನುಕೂಲವಾಗಿದೆ.

ಇಷ್ಟಕ್ಕೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಹೊಲಿಗೆ ಎಲ್ಲರಿಗೂ ಕಾಣುತ್ತದೆ. ನಾನು ದುಡ್ಡು ಕೊಡುವುದು ಕಾಣದ ಕೆಲಸಕ್ಕೆ, ಅಂದರೆ ಲೈನ್‌ಗಳ ಅಳತೆಗೆ. ಒಂದು ವಿಂಗ್‌ನಲ್ಲಿ ಎಲ್ಲ ಸೇರಿ ನೂರಾರು ಮೀಟರ್ ದಾರ ಇರುತ್ತದೆ. ಮುಂದಿನ ಸಾಲಿನ ‘ಎ’ ಲೈನ್‌ಗಳ ಮೇಲೆ ಭಾರ ಹೆಚ್ಚು, ಅವು ಎಳೆದ ಅಳತೆಯಲ್ಲೇ ಉಳಿಯುತ್ತವೆ ಅಥವಾ ಚೂರು ಉದ್ದವಾಗುತ್ತವೆ. ಹಿಂದಿನ ಸಾಲಿನ ಲೈನ್‌ಗಳಿಗೆ ಅಷ್ಟು ಭಾರವಿಲ್ಲ. ಅವು, ಅದರಲ್ಲೂ ಡೈನೀಮಾ ಎಂಬ ನಾರಿನವು, ದಿನ ಹೋದಂತೆ ಕುಗ್ಗುತ್ತವೆ. ತೇವ ತಾಗಿದರಂತೂ ಇನ್ನೂ ಬೇಗ. ಪುಣೆಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಮುಂದೆ ಉದ್ದ, ಹಿಂದೆ ಗಿಡ್ಡ ಎಂದರೆ ಯಾರೂ ಬ್ರೇಕ್ ಎಳೆಯದಿದ್ದರೂ ಅರ್ಧ ಬ್ರೇಕ್ ಹಿಡಿದಂತೆ ವಿಂಗ್ ಹಾರುತ್ತದೆ. ಟೇಕಾಫ್‌ನಲ್ಲಿ ತಲೆಯ ಮೇಲೆ ಬರದೆ ಹಿಂದೆಯೇ ಜೋತುಬೀಳುತ್ತದೆ. ಇನ್ನೂ ಹೆಚ್ಚಾದರೆ ಮುಂದಕ್ಕೆ ಹೋಗದೆ ನೆಟ್ಟಗೆ ಕೆಳಕ್ಕಿಳಿಯುವ ಅಪಾಯ. ಬಟ್ಟೆಯಲ್ಲಿ ಒಂದು ತೂತೂ ಇರುವುದಿಲ್ಲ, ಹೊಸದರಂತೆ ಮಿರಮಿರ ಮಿಂಚುತ್ತಿರುತ್ತದೆ!

ಇವರು ಪ್ರತಿ ಲೈನನ್ನೂ 5 ಕಿಲೋ ಎಳೆತದಲ್ಲಿಟ್ಟು ಲೇಸರ್‌ನಿಂದ ಅಳೆದು, ಕಂಪನಿಯ ಲೈನ್ ಪ್ಲಾನ್ ಪಕ್ಕದಲ್ಲಿಟ್ಟು ವ್ಯತ್ಯಾಸ ಬರೆದುಕೊಡುತ್ತಾರೆ. 10 ಮಿಲಿಮೀಟರಿನೊಳಗಿದ್ದರೆ ಸರಿ. ನನ್ನ ವಿಂಗಿನ ಹಿಂಬದಿಯ ‘ಸಿ’ ಸಾಲಿನ ಎದುರು ಅದಕ್ಕಿಂತ ಹೆಚ್ಚಿನ ಅಂಕಿಗಳು ಕೆಂಪು ಶಾಯಿಯಲ್ಲಿದ್ದವು. ರೈಸರ್ (ಲೈನ್‌ಗಳೆಲ್ಲ ಬಂದು ಸೇರುವ ಪಟ್ಟಿ) ಹತ್ತಿರ ಲೈನ್ ಸಿಕ್ಕಿಸುವ ಕುಣಿಕೆಗಳಲ್ಲಿ ಒಂದು ಸುತ್ತು ಬಿಚ್ಚಿ, ಇನ್ನೊಂದೆಡೆ ಒಂದು ಸುತ್ತು ಹಾಕಿ ಟ್ರಿಮ್, ಅಂದರೆ ಹಿಂದುಮುಂದಿನ ಹೊಂದಾಣಿಕೆ, ಸರಿಮಾಡಿದರು. ಮುಂದಿನ ವಾರ ಟೇಕಾಫ್‌ನಲ್ಲಿ ವಿಂಗ್ ಎದ್ದುಬಂದ ರೀತಿಯೇ ಬೇರೆ. ನಡುವಿನ ಒಂದು ‘ಎ’ ಲೈನನ್ನು ತುಂಡಾಗುವವರೆಗೆ ಎಳೆದು ಎಷ್ಟು ಭಾರ ತಡೆಯಿತು ಎಂದೂ ಬರೆದಿದ್ದರು. ಹರಿದದ್ದರ ಜಾಗಕ್ಕೆ ಹೊಸದು ಬಂತು. ಒಳ್ಳೇ ಲೈನನ್ನು ಯಾಕೆ ಕಡಿದರು ಎಂದು ಮೊದಮೊದಲು ಹೊಟ್ಟೆ ಉರಿದಿತ್ತು. ಸುಟ್ಟಗಾಯ, ಕಲ್ಲಿನ ತಿಕ್ಕಾಟ ಕಣ್ಣಿಗೆ ಕಂಡಾವು; ಒಳಗಿನ ಬಲ ಹೋದದ್ದು ಕಾಣುವ ದಾರಿ ಬೇರೆ ಇಲ್ಲ.

ಬಟ್ಟೆಗೂ ಪರೀಕ್ಷೆ ಇದೆ. ನಿಗದಿತ ಗಾಳಿ ಬಟ್ಟೆಯ ಮೂಲಕ ಸೋರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಪೊರಾಸಿಟಿ ಮೀಟರ್ ತೋರಿಸುತ್ತದೆ. ಹೊಸ ಬಟ್ಟೆಯಲ್ಲಿ ನೂರಾರು ಸೆಕೆಂಡು. 10–15ಕ್ಕೆ ಇಳಿಯಿತೆಂದರೆ ಬಿಸಿಲು ಲೇಪನವನ್ನು ತಿಂದುಹಾಕಿದೆ ಎಂದರ್ಥ. ಬೆಟ್ಸೋಮೀಟರ್ ಎಂಬ ಪುಟ್ಟ ಸಾಧನದಲ್ಲಿ ಬಟ್ಟೆಗೆ ಸೂಜಿ ಚುಚ್ಚಿ 600 ಗ್ರಾಂವರೆಗೆ ಎಳೆಯುತ್ತಾರೆ, ತೂತು ಸೀಳಾಗಿ ಓಡಬಾರದು. ಬೆಳಗಾವಿಯ ಗೆಳೆಯನೊಬ್ಬ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ವಿಂಗನ್ನು ಸಣ್ಣ ಪ್ಯಾಚಿಗೆಂದು ಕೊಟ್ಟ. ಇವರು ಎರಡೂ ಪರೀಕ್ಷೆ ಮಾಡಿ, ಪ್ಯಾಚ್ ಹಾಕದೆ, ದುಡ್ಡೂ ತೆಗೆದುಕೊಳ್ಳದೆ, “ಇದನ್ನು ಹಾರಿಸಬೇಡಿ” ಎಂದು ಮರಳಿಸಿದರು. ಅವನಿಗೆ ಸಿಟ್ಟು ಬಂತು. ನನಗೆ ಭರವಸೆ ಬಂತು.

ಇನ್ನು ದೂರು. “ದಸರೆಗೆ ರೆಡಿ” ಎಂದದ್ದು ಕೈಗೆ ಸಿಕ್ಕಿದ್ದು ದೀಪಾವಳಿ ಮುಗಿದ ಮೇಲೆ, ಸೀಸನ್ನಿನ ಮೊದಲ ಒಳ್ಳೆಯ ವಾರಗಳೆಲ್ಲ ಜಾರಿಹೋದ ನಂತರ. ಬಟ್ಟೆ ವಿದೇಶದಿಂದ ಬರಬೇಕು, ಕಸ್ಟಮ್ಸ್‌ನಲ್ಲಿ ನಿಂತಿದೆ ಎಂಬುದು ಇರಬಹುದು. ಒಂದು ಫೋನ್ ಮಾಡಿ ಹೇಳಲು ಕಸ್ಟಮ್ಸ್ ಬೇಡ. ಫೋನ್ ಎತ್ತುವುದೇ ಅಪರೂಪ, ವಾಟ್ಸಾಪಿನಲ್ಲಿ ನೀಲಿ ಗೆರೆ ಬಂದು ಸುಮ್ಮನಾಗುತ್ತದೆ. ಬಿಲ್ಲಿನ ಅಂದಾಜೂ ಮೊದಲೇ ಪೂರ್ತಿ ಸಿಗದು. ಹೊಲಿಗೆಯ ಖರ್ಚು ಸಣ್ಣದು. ಲೈನ್ ಸೆಟ್ ಪೂರ್ತಿ ಬದಲಿಸುವ ಮಾತು ಬಂದರೆ ಅದರ ಹಲವು ಪಟ್ಟು. ಆ ನಿರ್ಧಾರ ನಿಮ್ಮನ್ನು ಕೇಳಿಯೇ ಆಗಬೇಕು ಎಂದು ಕೊಡುವಾಗಲೇ ಬರೆಸಿಕೊಳ್ಳಿ.

ಗೋವಾದಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಲ್ಲಿ ನೀರಿನ ಮೇಲೆ ಹಲಗೆಯಲ್ಲಿ ಜಾರುವ ಆಟ) ಮಾಡುವವರೂ ಕೇಳುತ್ತಿರುತ್ತಾರೆ. ಕಾರವಾರದ ನಮ್ಮ ಗೆಳೆಯ ಮೋರ್ಜಿ, ಅಶ್ವೆ ಕಡೆ ಆಡುವವನು, ತನ್ನ ಕೈಟನ್ನು ಬಸ್ಸಿಗೆ ಹಾಕಿ ಇಲ್ಲಿಗೆ ಕಳಿಸಿದ್ದ. ಆ ಜಾತಿಯ ಕೈಟ್‌ಗೆ ಮುಂದಿನ ಅಂಚಿನಲ್ಲಿ ಗಾಳಿ ತುಂಬುವ ಕೊಳವೆ ಇರುತ್ತದೆ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಹೊರಗೆ ದಪ್ಪ ಡೇಕ್ರಾನ್ ಬಟ್ಟೆ, ಒಳಗೆ ಗಾಳಿ ಹಿಡಿದಿಡುವ ಬ್ಲಾಡರ್. ಕೈಟಿನ ಬಟ್ಟೆಯ ಸೀಳನ್ನು ಇವರು ಚೆನ್ನಾಗಿಯೇ ಹೊಲಿದರು, ಬ್ಲಾಡರ್ ಸೋರಿಕೆ ಮಾತ್ರ “ನಮ್ಮ ಕೆಲಸ ಅಲ್ಲ” ಎಂದರು. ಗೆಳೆಯ ಕೊನೆಗೆ ತಾನೇ ಬ್ಲಾಡರ್ ಎಳೆದು, ಗಾಳಿ ತುಂಬಿ, ಸೋಪುನೀರು ಸವರಿ ಗುಳ್ಳೆ ಹುಡುಕಿದ. ವಾಲ್ವ್ ಬುಡದಲ್ಲಿ ಮರಳು ಕೂತು ಸವೆದಿತ್ತು. ಅಷ್ಟು ಕೆಲಸಕ್ಕೆ ಪುಣೆಯವರೆಗೆ ಕಳಿಸಬೇಕಿಲ್ಲ.

ಕೊಡುವವರು ಮೇ ಕೊನೆಯಲ್ಲೇ ಕೊಡಿ. ಮಳೆ ನಿಂತ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಪೂರ್ತಿ ಒಣಗಿಸಿ, ಒಳಗಿನ ಮಣ್ಣು, ಮಿಡತೆ ಉದುರಿಸಿ ಮಡಚಿ. ಸೀಳಿನ ಜಾಗಕ್ಕೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಎಷ್ಟು ಗಂಟೆ ಹಾರಿದೆ ಎಂದು ಚೀಟಿ ಬರೆದಿಡಿ. ವಾಪಸ್ ತರುವಾಗ ದುಡ್ಡು ಕೊಡುವ ಮೊದಲು ಅಳತೆಯ ಹಾಳೆ ಕೇಳಿ ತೆಗೆದುಕೊಳ್ಳಿ, ಎರಡೂ ಬದಿಯ ಕುಣಿಕೆಗಳನ್ನು ಹೋಲಿಸಿ ನೋಡಿ. ಗುಡ್ಡ ಹತ್ತುವ ಮೊದಲು ಸಮತಟ್ಟು ಮೈದಾನದಲ್ಲಿ ಒಂದು ಸಂಜೆ ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ಹಾರದೆ ನೆಲದ ಮೇಲೆ ನಿಂತೇ ವಿಂಗ್ ಎಬ್ಬಿಸಿ ಆಡಿಸುವುದು, ಮಾಡಿ. ವಿಂಗ್ ಒಂದು ಬದಿಗೆ ವಾಲಿದರೆ ಅಥವಾ ಹಿಂದೆ ಉಳಿದರೆ ಮಡಚಿ ಅವತ್ತೇ ವರ್ಕ್‌ಶಾಪಿಗೆ ಹೊತ್ತೊಯ್ಯಿರಿ. ಎದುರಿಗೆ ಹೋಗಿ ನಿಂತರೆ ಕೆಲಸ ಬೇಗ ಮಾಡಿಕೊಡುತ್ತಾರೆ.